ಹಸುಗೂಸುಗಳ ಮನಸ್ಸು ನೋಡುವ ಕೆಲಸ: ಎಂಡಾರ್ಸ್‌ಮೆಂಟಿಗೆ ಸೂತ್ರಗಳು

ಅಮೆರಿಕದ ಮಿಷಿಗನ್‌ನಲ್ಲಿ 1970ರ ದಶಕದಲ್ಲಿ ಮಕ್ಕಳ ಮನೋವಿಶ್ಲೇಷಕಿ ಸೆಲ್ಮಾ ಫ್ರೈಬರ್ಗ್ ಅವರ ತಂಡ ಮನೆಮನೆಗೆ ಹೋಗಿ, ಅಡುಗೆಮನೆಯಲ್ಲೇ ಕೂತು, ತಾಯಿ–ಮಗು ಇಬ್ಬರನ್ನೂ ಒಟ್ಟಿಗೆ ಆರೈಕೆ ಮಾಡಲು ಶುರುಮಾಡಿತು. ಆ ನೆಲದಲ್ಲೇ 1977ರಲ್ಲಿ ಶಿಶು ಮಾನಸಿಕ ಆರೋಗ್ಯ ಸಂಘ ಹುಟ್ಟಿತು. ಎಳೆಮಕ್ಕಳೊಂದಿಗೆ ಕೆಲಸ ಮಾಡುವವರ ತಿಳಿವಳಿಕೆಗೆ ಮನ್ನಣೆ ಕೊಡಲು ಅದೇ ಸಂಘ 2002ರಲ್ಲಿ ಜಾರಿಗೆ ತಂದ ಎಂಡಾರ್ಸ್‌ಮೆಂಟ್ ಇಂದು ಹಲವು ರಾಜ್ಯಗಳಲ್ಲಿದೆ. ಅಲ್ಲಿ ನರ್ಸ್, ಸ್ಪೀಚ್ ಥೆರಪಿಸ್ಟ್, ಸಮಾಜ ಕಾರ್ಯಕರ್ತೆಯಾಗಿ ಎಳೆಮಕ್ಕಳ ನಡುವೆ ದುಡಿಯುತ್ತಿರುವ ಕನ್ನಡಿಗರಿಗಾಗಿ ಈ ಮಾತುಗಳು.

1. ಇದು ಲೈಸೆನ್ಸ್ ಅಲ್ಲ. ಚಿಕಿತ್ಸೆ ಕೊಡುವ ಹಕ್ಕು ರಾಜ್ಯದ ಲೈಸೆನ್ಸಿನಿಂದಲೇ ಬರಬೇಕು. ಹುಟ್ಟಿನಿಂದ ಮೂರು ವರ್ಷದೊಳಗಿನ ಮಕ್ಕಳೊಂದಿಗೂ ಅವರ ಮನೆಯವರೊಂದಿಗೂ ಕೆಲಸ ಮಾಡಲು ಬೇಕಾದ ತಿಳಿವಳಿಕೆ ನಿಮಗಿದೆ ಎಂದು ಎಂಡಾರ್ಸ್‌ಮೆಂಟ್ ಹೇಳುತ್ತದೆ, ಅಷ್ಟೇ.

2. ದರ್ಜೆಯನ್ನು ನೀವು ಈಗ ಮಾಡುತ್ತಿರುವ ಕೆಲಸ ನೋಡಿ ಆರಿಸಿ. ಅಸೋಸಿಯೇಟ್, ಫ್ಯಾಮಿಲಿ ಸ್ಪೆಷಲಿಸ್ಟ್, ಮೆಂಟಲ್ ಹೆಲ್ತ್ ಸ್ಪೆಷಲಿಸ್ಟ್, ಮೆಂಟರ್ ಎಂದು ನಾಲ್ಕಿವೆ. ಶಿಶುವಿಹಾರದಲ್ಲಿ ಮಗುವನ್ನು ಎತ್ತಿ ಆಡಿಸುವವರಿಗೂ ಇದರಲ್ಲಿ ಜಾಗವಿದೆ. ಈ ವ್ಯವಸ್ಥೆಯಲ್ಲಿ ನನಗೆ ತುಂಬ ಹಿಡಿಸಿದ್ದು ಅದೇ.

3. ರಿಫ್ಲೆಕ್ಟಿವ್ ಸೂಪರ್‌ವಿಷನ್ ಮೊದಲು, ಮಿಕ್ಕಿದ್ದೆಲ್ಲ ಆಮೇಲೆ. ಕೆಲಸದಲ್ಲಿ ಕಂಡದ್ದನ್ನೂ ಅನ್ನಿಸಿದ್ದನ್ನೂ ಮೇಲ್ವಿಚಾರಕರ ಜೊತೆ ಹಿಂತಿರುಗಿ ನೋಡುವುದೇ ಇದು. ಫ್ಯಾಮಿಲಿ ಸ್ಪೆಷಲಿಸ್ಟ್‌ಗೆ ಕನಿಷ್ಠ 24 ಗಂಟೆ, ಮೆಂಟಲ್ ಹೆಲ್ತ್ ಸ್ಪೆಷಲಿಸ್ಟ್‌ಗೆ 50 ಗಂಟೆ ಬೇಕು. ಆ ಗಂಟೆಗಳಲ್ಲಿ ನಡೆಯುವುದೇನು? ಭೇಟಿ ಕೊಟ್ಟ ಮನೆಯಲ್ಲಿ ಮಗು ಅಳುತ್ತಿತ್ತು, ತಾಯಿ ಫೋನಿನಿಂದ ಕಣ್ಣೆತ್ತಲಿಲ್ಲ, ನಿಮಗೆ ಸಿಟ್ಟು ಬಂತು ಎಂದುಕೊಳ್ಳಿ. ಮೇಲ್ವಿಚಾರಕರು ತಾಯಿಯ ತಪ್ಪನ್ನು ಪಟ್ಟಿ ಮಾಡುವುದಿಲ್ಲ. "ಆ ಹೊತ್ತಿನಲ್ಲಿ ನಿಮಗೆ ಏನಾಯಿತು? ಮಗುವಿಗೆ ಏನಾಗಿದ್ದಿರಬಹುದು? ತಾಯಿ ಯಾರಿಂದ ಕಣ್ಣು ತಪ್ಪಿಸುತ್ತಿದ್ದಳು?" ಎಂದು ಕೇಳುತ್ತಾರೆ. ನಿಮ್ಮ ಸಿಟ್ಟಿನ ಬುಡ ಸಿಕ್ಕರೆ, ಮುಂದಿನ ವಾರ ಆ ತಾಯಿಯ ಪಕ್ಕ ಕೂರುವ ರೀತಿಯೇ ಬದಲಾಗುತ್ತದೆ. ತಾಯಿಯನ್ನು ಯಾರಾದರೂ ಆಲಿಸಿದರೆ ತಾನೇ ಅವಳು ಮಗುವನ್ನು ಆಲಿಸುವುದು? ಗಂಟೆ ತುಂಬಿಸಲೆಂದು ಇಲ್ಲಿ ಕೂರಬೇಡಿ.

4. ಎಲ್ಲ ಸೂಪರ್‌ವಿಷನ್ನೂ ಲೆಕ್ಕಕ್ಕೆ ಬರುವುದಿಲ್ಲ. ರಜೆ, ಕೇಸುಗಳ ಸಂಖ್ಯೆ, ಫೈಲು ಎಂದು ಮ್ಯಾನೇಜರ್ ಜೊತೆ ನಡೆಸುವ ಮೀಟಿಂಗ್ ಇದಲ್ಲ. ಸಹೋದ್ಯೋಗಿಗಳೇ ಕೂಡಿ ಮಾತಾಡಿಕೊಂಡದ್ದೂ ಅಲ್ಲ. ಸೂಪರ್‌ವಿಷನ್ ಕೊಡುವವರಿಗೆ ತಕ್ಕ ಎಂಡಾರ್ಸ್‌ಮೆಂಟ್ ಇರಬೇಕು. ಇದನ್ನು ಮೊದಲ ಭೇಟಿಗೂ ಮುಂಚೆಯೇ ಕೇಳಿ ಖಚಿತಪಡಿಸಿಕೊಳ್ಳಿ, ಸಂಕೋಚ ಬೇಡ.

5. ತರಬೇತಿ ಮುಗಿದ ಸಂಜೆಯೇ ಬರೆದಿಡಿ: ದಿನಾಂಕ, ವಿಷಯ, ಕಲಿಸಿದವರು, ಗಂಟೆ. ಎಂಡಾರ್ಸ್‌ಮೆಂಟ್ ಕೇಳುವ ಸಾಮರ್ಥ್ಯಗಳಲ್ಲಿ ಅದು ಯಾವುದಕ್ಕೆ ಸೇರುತ್ತದೆ ಎಂಬುದನ್ನೂ ಬರೆಯಿರಿ. ಅರ್ಜಿಯನ್ನು ತೂಗುವಾಗ ಆ ಸಾಮರ್ಥ್ಯಗಳನ್ನೂ ನೋಡುತ್ತಾರೆ. ಶಿಶುವಿನ ಬೆಳವಣಿಗೆಯ ಬಗ್ಗೆ ಹತ್ತು ತರಬೇತಿ, ಕಾನೂನಿನ ಬಗ್ಗೆ ಒಂದೂ ಇಲ್ಲ ಎಂಬ ಕೊರತೆ ಆಗ ಬೇಗ ಕಣ್ಣಿಗೆ ಬೀಳುತ್ತದೆ.

6. ಭಾರತದ ಪದವಿಯವರು ಅಂಕಪಟ್ಟಿ, ಟ್ರಾನ್ಸ್‌ಕ್ರಿಪ್ಟ್‌ಗಳನ್ನು ಈಗಲೇ ತರಿಸಿಕೊಳ್ಳಿ. ವಿಶ್ವವಿದ್ಯಾಲಯದ ಕಚೇರಿಯಿಂದ ಕಾಗದ ಬರಲು ಹಿಡಿಯುವ ಕಾಲ ನಿಮಗೆ ಗೊತ್ತೇ ಇದೆ. ಊರಿನಲ್ಲಿ ಮಾಡಿದ ಕೆಲಸದ ಅನುಭವ ಪತ್ರವೂ ವಿವರವಾಗಿರಲಿ. ಉದಾಹರಣೆಗೆ, ಬೆಂಗಳೂರಿನ ನಿಮ್ಹಾನ್ಸ್‌ನ ತಾಯಿ–ಮಗು ಘಟಕದಲ್ಲಿ ದುಡಿದವರ ಪತ್ರದಲ್ಲಿ "ಮನೋವೈದ್ಯ ವಿಭಾಗ" ಎಂದಷ್ಟೇ ಇದ್ದರೆ ಓದುವವರಿಗೆ ಮಗು ಕಾಣುವುದೇ ಇಲ್ಲ. ಬಾಣಂತಿಯರು, ಕೂಸುಗಳು, ಅವರಿಬ್ಬರ ನಂಟಿನ ಮೇಲೆ ಮಾಡಿದ ಕೆಲಸ ಎಲ್ಲವೂ ಅದರಲ್ಲಿ ಬರಲಿ.

7. ಮೂವರ ಶಿಫಾರಸು ಬೇಕು. ನೀವು ಕೆಲಸ ಮಾಡುವುದನ್ನು ಕಣ್ಣಾರೆ ಕಂಡವರನ್ನೇ ಕೇಳಿ.

8. ಮೆಂಟಲ್ ಹೆಲ್ತ್ ಸ್ಪೆಷಲಿಸ್ಟ್, ಮೆಂಟರ್ ದರ್ಜೆಗಳಿಗೆ ಲಿಖಿತ ಪರೀಕ್ಷೆಯಿದೆ. ಒಬ್ಬರೇ ಓದುವುದಕ್ಕಿಂತ ನಾಲ್ಕು ಜನ ಸೇರಿ ಒಂದು ಕುಟುಂಬದ ಕಥೆ ಹಿಡಿದು, "ಇಲ್ಲಿ ಮಗುವಿಗೆ ಏನು ಅನ್ನಿಸುತ್ತಿದೆ?" ಎಂದು ಚರ್ಚಿಸುವುದು ಮೇಲು.

9. ಎಂಡಾರ್ಸ್‌ಮೆಂಟ್ ಸಿಕ್ಕ ಮೇಲೆ ಪ್ರತಿ ವರ್ಷ ನವೀಕರಿಸಬೇಕು, ಹೊಸ ತರಬೇತಿಯ ಗಂಟೆಗಳೂ ಬೇಕು. ಉದ್ಯೋಗ ಬದಲಿಸುವಾಗ ಸಂಬಳದ ಮಾತಿನ ಜೊತೆಗೇ, ಡ್ಯೂಟಿ ಹೊತ್ತಿನಲ್ಲೇ ರಿಫ್ಲೆಕ್ಟಿವ್ ಸೂಪರ್‌ವಿಷನ್‌ಗೆ ಸಮಯ ಕೊಡುತ್ತಾರೆಯೇ, ಅದರ ಖರ್ಚನ್ನು ಸಂಸ್ಥೆಯೇ ಕೊಡುತ್ತದೆಯೇ ಎಂದು ಕೇಳಿ, ಬರವಣಿಗೆಯಲ್ಲಿ ಪಡೆಯಿರಿ.