ಸೆಲ್ಫ್ ಹೊಡೆಯದ ಕಾರಿಗೆ ಎಷ್ಟು ಖರ್ಚು ಮಾಡಬೇಕು?

ಹಳೇ ಕಾರಿರುವ ಮನೆಯಲ್ಲಿ ಪೆಟ್ರೋಲ್ ಖರ್ಚನ್ನು ಹೇಗೋ ಅಂದಾಜು ಮಾಡಬಹುದು. ತಿಂಗಳ ಲೆಕ್ಕ ತಪ್ಪುವುದು ಬೆಳಿಗ್ಗೆ ಚಾವಿ ತಿರುಗಿಸಿದಾಗ ಎಂಜಿನ್ ಉಸಿರೆತ್ತದೆ ಕೂತಾಗ. ಕೆಲಸಕ್ಕೆ ಹೊತ್ತಾಗಿರುತ್ತದೆ, ಮಕ್ಕಳು ಬ್ಯಾಗು ಹಿಡಿದು ಹಿಂದಿನ ಸೀಟಿನಲ್ಲಿ ಕೂತಿರುತ್ತಾರೆ. ಅಷ್ಟರಲ್ಲಿ ಯಾರೋ ಬಂದು ‘ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿಬಿಡಿ’ ಅನ್ನುತ್ತಾರೆ. ಆ ಅವಸರದಲ್ಲಿ ತಲೆಯಾಡಿಸಿದರೆ ನಾಲ್ಕು ಸಾವಿರ ಹೋಯಿತು. ವಾರ ಕಳೆಯುವುದರೊಳಗೆ ಹೊಸ ಬ್ಯಾಟರಿ ಹೊತ್ತ ಅದೇ ಕಾರು ಅದೇ ಜಾಗದಲ್ಲಿ ನಿಂತಿರುವುದನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ. ಮೊದಲ ದುಡ್ಡು ದೋಷ ಹುಡುಕುವವರಿಗೆ ಹೋಗಬೇಕು, ಪಾರ್ಟ್ಸ್ ಅಂಗಡಿಗೆ ಆಮೇಲೆ. ಈ ಅಂಕಣದಲ್ಲಿ ನಾನು ಹೇಳಬೇಕೆಂದಿರುವುದು ಅದನ್ನೇ.

ನಮ್ಮದು 2008ರ ಮಾರುತಿ 800, ಊರು ಶಿವಮೊಗ್ಗ. 2014ರಲ್ಲೇ ಈ ಮಾದರಿಯ ತಯಾರಿಕೆ ನಿಂತಿದ್ದರೂ ಇದರ ಪಾರ್ಟ್ಸ್ ಎಲ್ಲ ಊರಲ್ಲೂ ಸಿಗುತ್ತವೆ. ಮಲೆನಾಡಿನ ಅಂಚಿನ ತೇವ ಮಾತ್ರ ಹಳೇ ವೈರುಗಳಿಗೆ ಆಗಿಬರುವುದಿಲ್ಲ. ಹೋದ ಆಷಾಢದ ಜಡಿಮಳೆಯಲ್ಲಿ ಕಾರು ಮುಷ್ಕರ ಹೂಡಿತು. ಚಾವಿ ತಿರುಗಿಸಿದರೆ ಟಕ್ ಎಂಬ ಒಂದೇ ಸದ್ದು, ಅಷ್ಟೇ. ಸರ್ವಿಸ್ ಸೆಂಟರ್ ಒಂದರಿಂದ ಬಂದ ಹುಡುಗ ಜಂಪ್ ಕೇಬಲ್ ಹಾಕಿದ, ಎಂಜಿನ್ ತಕ್ಷಣ ಹೊತ್ತಿಕೊಂಡಿತು. ಸಂಜೆ ಎಸ್ಟಿಮೇಟ್ ಬಂತು: ಹೊಸ ಬ್ಯಾಟರಿ, ಹೊಸ ಸೆಲ್ಫ್ ಮೋಟಾರ್, ಲೇಬರ್ ಎಲ್ಲ ಸೇರಿ ಹನ್ನೊಂದು ಸಾವಿರದ ಹತ್ತಿರ.

ಬ್ಯಾಟರಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಅದಕ್ಕೇ ನಾನು ಎಸ್ಟಿಮೇಟಿಗೆ ಸಹಿ ಹಾಕದೆ ಕಾರನ್ನು ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ಗೆ ಒಯ್ದೆ. ಅಲ್ಲೊಬ್ಬ ಹಿರಿಯ ಆಟೋ ಎಲೆಕ್ಟ್ರಿಷಿಯನ್ ಇದ್ದಾರೆ. ಮೊದಲೇ ಹೇಳಿದೆ, ‘ಏನೂ ಬದಲಾಯಿಸೋದು ಬೇಡ, ಏನಾಗಿದೆ ಅಂತ ನೋಡಿ ಹೇಳಿ, ನೋಡಿದ್ದಕ್ಕೇ ದುಡ್ಡು ಕೊಡ್ತೀನಿ.’ ಅವರು ಮೀಟರ್ ತೆಗೆದು ಬ್ಯಾಟರಿಯ ಎರಡು ತುದಿಗೆ ಹಿಡಿದರು, 12.5 ವೋಲ್ಟ್. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6ರ ಆಸುಪಾಸು ಇದ್ದರೆ ಬ್ಯಾಟರಿ ತುಂಬಿದೆ ಅಂತ ಲೆಕ್ಕ. ಆಮೇಲೆ ಮಾಡಿದ್ದೇ ಮುಖ್ಯ ಕೆಲಸ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೂ ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೂ ಒತ್ತಿ ಹಿಡಿದು, ‘ಈಗ ಚಾವಿ ಕೊಡಿ ಮೇಡಂ’ ಅಂದರು. ಅರ್ಥಿಂಗ್ ಸರಿಯಿದ್ದರೆ ಆ ಎರಡರ ನಡುವೆ ಅರ್ಧ ವೋಲ್ಟ್ ಕೂಡ ಕಾಣಬಾರದು. ಮುಳ್ಳು ಎರಡನ್ನು ದಾಟಿತು. ‘ಸೆಲ್ಫ್ ಚೆನ್ನಾಗೇ ಇದೆ. ಕರೆಂಟ್ ಹೋಗ್ತಿದೆ, ವಾಪಸ್ ಬರೋಕೆ ದಾರಿಯಿಲ್ಲ.’

ಬ್ಯಾಟರಿಯಿಂದ ಗೇರ್‌ಬಾಕ್ಸಿಗೆ ಹೋಗುವ ಅರ್ಥ್ ವೈರನ್ನು ಬಿಚ್ಚಿ ಕೈಗೆ ಕೊಟ್ಟರು. ಹೊರಗಿನಿಂದ ಕಪ್ಪು ರಬ್ಬರು ಹೊಸದರಂತೆ ಇತ್ತು. ತುದಿಯ ಲಗ್ಗಿನ ಹತ್ತಿರ ಬ್ಲೇಡಿನಿಂದ ಸೀಳಿದಾಗ ಒಳಗಿನ ತಾಮ್ರದ ಎಳೆಗಳು ಹಸಿರು ಪುಡಿಯಾಗಿದ್ದವು, ಗಟ್ಟಿಯಾಗಿ ಉಳಿದಿದ್ದು ನಾಲ್ಕೈದು ಎಳೆ ಮಾತ್ರ. ದೀಪ, ಹಾರ್ನ್, ವೈಪರ್‌ಗೆ ಅಷ್ಟು ಸಾಕು. ನೂರಾರು ಆಂಪಿಯರ್ ಎಳೆಯುವ ಸೆಲ್ಫ್‌ಗೆ ಸಾಲದು. ಜಂಪ್ ಕೇಬಲ್ಲಿಗೆ ಕಾರು ಯಾಕೆ ಸ್ಟಾರ್ಟ್ ಆಯಿತು ಎಂಬುದೂ ಆಗ ತಿಳಿಯಿತು. ಆ ಹುಡುಗ ನಿಯಮದಂತೆ ಮೈನಸ್ ಕ್ಲಿಪ್ಪನ್ನು ನೇರ ಎಂಜಿನ್ನಿನ ಲೋಹಕ್ಕೆ ಕಚ್ಚಿಸಿದ್ದ, ಹಾಗಾಗಿ ಕರೆಂಟು ಹಾಳಾದ ವೈರನ್ನು ಬಿಟ್ಟು ಕೇಬಲ್ಲಿನಲ್ಲಿ ಹರಿಯಿತು. ಜಂಪ್ ಕೊಟ್ಟಾಗ ಹೊತ್ತಿಕೊಂಡಿತು ಎಂದ ಮಾತ್ರಕ್ಕೆ ಬ್ಯಾಟರಿ ಸತ್ತಿದೆ ಎಂದಲ್ಲ. ಹೊಸ ವೈರ್, ಲೇಬರ್ ಸೇರಿ ಐನೂರರ ಒಳಗೆ ಮುಗಿಯಿತು.

ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ನೀವು ಗಮನಿಸಬೇಕಾದದ್ದು ಒಂದೇ: ಚಾವಿ ಕೊಟ್ಟಾಗ ಸೆಲ್ಫ್ ತಿರುಗುತ್ತದೆಯೋ ಇಲ್ಲವೋ. ತಿರುಗದಿದ್ದರೆ ದೋಷ ಹೆಚ್ಚಾಗಿ ಬ್ಯಾಟರಿ, ಟರ್ಮಿನಲ್, ವೈರು, ಸೆಲ್ಫ್ ಇಷ್ಟರಲ್ಲೇ ಇರುತ್ತದೆ. ಪಂಪು, ಪ್ಲಗ್ಗು, ಇಂಜೆಕ್ಟರ್ ಮಾತು ಯಾರೇ ಎತ್ತಿದರೂ ನಿಲ್ಲಿಸಿ. ಟರ್ಮಿನಲ್ ಮೇಲೆ ಬಿಳಿ-ಹಸಿರು ಹೂವು ಬಂದಿದ್ದರೆ ಮೈನಸ್ ಮೊದಲು ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಒರೆಸಿ, ಒಣಗಿದ ಮೇಲೆ ಬಿಗಿ ಮಾಡಿ ವ್ಯಾಸಲೀನ್ ಸವರಿ. ಗೇರಿನ ಕಾರಾದರೆ ತಳ್ಳಿ ನೋಡುವುದೂ ಒಂದು ಪುಕ್ಕಟೆ ಪರೀಕ್ಷೆ. ಎರಡನೇ ಗೇರಿನಲ್ಲಿ ಹೊತ್ತಿಕೊಂಡರೆ ಪೆಟ್ರೋಲು, ಕಿಡಿ ಎರಡೂ ಸರಿಯಿವೆ. ಬ್ಯಾಟರಿ ಪೂರ್ತಿ ಬರಿದಾಗಿದ್ದರೆ ಎಂಪಿಎಫ್‌ಐ ಕಾರು ತಳ್ಳಿದರೂ ಏಳುವುದಿಲ್ಲ, ಅದರ ಪಂಪು ಮತ್ತು ಕಂಪ್ಯೂಟರಿಗೂ ಕರೆಂಟು ಬೇಕು. ಸೆಲ್ಫೇ ಕೆಟ್ಟಿದೆ ಅಂದರೂ ಹೊಸದಕ್ಕೆ ಧಾವಿಸಬೇಡಿ. ಬಹಳ ಸಲ ಸವೆದಿರುವುದು ಕಾರ್ಬನ್ ಬ್ರಶ್ ಮತ್ತು ಬುಷ್, ಅವನ್ನಷ್ಟೇ ಹಾಕಿಕೊಡುವವರು ಜಿಲ್ಲಾ ಕೇಂದ್ರಗಳಲ್ಲಿ ಈಗಲೂ ಇದ್ದಾರೆ.

ಸೆಲ್ಫ್ ಚೆನ್ನಾಗಿ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ ವಿಚಾರ ಬೇರೆ. ಚಾವಿಯನ್ನು ಆನ್‌ಗೆ ತಂದು ಕಿವಿಗೊಡಿ, ಹಿಂದಿನ ಟ್ಯಾಂಕಿನಿಂದ ಒಂದೆರಡು ಸೆಕೆಂಡು ಗುಂಯ್ ಎನ್ನುವ ಸದ್ದು ಬರಬೇಕು. ಬರದಿದ್ದರೆ ಮೊದಲು ಫ್ಯೂಸ್, ನಂತರ ರಿಲೇ, ಕೊನೆಗೆ ಪಂಪು. ಫ್ಯೂಸಿನ ಬೆಲೆ ಹತ್ತಿಪ್ಪತ್ತು ರೂಪಾಯಿ, ಪಂಪಿನದು ಸಾವಿರಗಳಲ್ಲಿ. ಆ ಪಂಪನ್ನು ತಂಪಾಗಿಡುವುದು ಟ್ಯಾಂಕಿನಲ್ಲಿರುವ ಪೆಟ್ರೋಲೇ. ತಿಂಗಳ ಕೊನೆಯಲ್ಲಿ ಮುಳ್ಳು ತಳ ಮುಟ್ಟಿದರೂ ಓಡಿಸುವ ಅಭ್ಯಾಸ ಉಳಿತಾಯದಂತೆ ಕಾಣುತ್ತದೆ, ನಿಜವಾಗಿ ದುಬಾರಿ.

ಬ್ಯಾಟರಿಯೇ ಹೋಗಿರುವುದೂ ಉಂಟು. ಹಾಕಿಸುವ ಮೊದಲು ಎಂಜಿನ್ ಓಡುವಾಗ ವೋಲ್ಟೇಜ್ ಅಳೆಸಿ, 14ರ ಆಸುಪಾಸು ಇಲ್ಲದಿದ್ದರೆ ಚಾರ್ಜ್ ಮಾಡುವ ಆಲ್ಟರ್ನೇಟರ್ ಕೈಕೊಟ್ಟಿದೆ, ಹೊಸ ಬ್ಯಾಟರಿಯೂ ಬೇಗ ಬರಿದಾಗುತ್ತದೆ. ವಾರಂಟಿ ಕಾರ್ಡ್ ಹುಡುಕಿ ತೆಗೆಯಿರಿ. ಅದರಲ್ಲಿ ಎರಡು ಭಾಗವಿರುತ್ತದೆ. ಮೊದಲ ಅವಧಿಯಲ್ಲಿ ಕೆಟ್ಟರೆ ಪುಕ್ಕಟೆ ಬದಲಿ, ನಂತರದ ಅವಧಿಯಲ್ಲಿ ರಿಯಾಯಿತಿ ಮಾತ್ರ. ಆ ರಿಯಾಯಿತಿಯನ್ನು ಎಂಆರ್‌ಪಿ ಮೇಲೆ ಲೆಕ್ಕ ಹಾಕುವುದರಿಂದ, ಹಳೇ ಬ್ಯಾಟರಿ ಕೊಟ್ಟು ಅಂಗಡಿಯಲ್ಲಿ ಚೌಕಾಸಿ ಮಾಡಿದ ಬೆಲೆಯೇ ಕೆಲವೊಮ್ಮೆ ಅಗ್ಗ. ಸೀಸಕ್ಕೆ ಗುಜರಿಯಲ್ಲಿ ಒಳ್ಳೆಯ ಬೆಲೆಯಿದೆ, ಹಳೇ ಬ್ಯಾಟರಿಯನ್ನು ಸುಮ್ಮನೆ ಬಿಟ್ಟು ಬರಬೇಡಿ.

ವಿಮೆ ಇದೆಯಲ್ಲ ಎಂದು ಕೇಳುವವರಿದ್ದಾರೆ. ವಾಹನ ವಿಮೆಯ ಸಾಮಾನ್ಯ ಪಾಲಿಸಿಯಲ್ಲಿ ಸವೆತ, ಯಾಂತ್ರಿಕ ದೋಷ, ವಿದ್ಯುತ್ ದೋಷ ಯಾವುದಕ್ಕೂ ಪರಿಹಾರವಿಲ್ಲ. ಹಾಗಾಗಿ ಈ ಖರ್ಚಿಗೆ ನಾವೇ ದುಡ್ಡು ತೆಗೆದಿಡಬೇಕು. ನಾನು ತಿಂಗಳಿಗೆ ಸಾವಿರ ರೂಪಾಯಿಯನ್ನು ಆರ್‌ಡಿಗೆ ಹಾಕುತ್ತೇನೆ. 1000 ಸಿಸಿ ಒಳಗಿನ ಕಾರಿನ ಒಂದು ವರ್ಷದ ಥರ್ಡ್ ಪಾರ್ಟಿ ಪ್ರೀಮಿಯಂ 2022ರಲ್ಲಿ ನಿಗದಿಯಾದಂತೆ 2,094 ರೂ., ಮೇಲೆ ಜಿಎಸ್‌ಟಿ. ಅದೂ ಈ ಸಾವಿರದೊಳಗೇ ಬರುತ್ತದೆ. ಹೊಸ ಕಾರಿಗೆ ಐದು ಲಕ್ಷ ಸಾಲ ಮಾಡಿದರೆ ಶೇ 9ರ ಬಡ್ಡಿಯಲ್ಲಿ ಐದು ವರ್ಷ ಪ್ರತಿ ತಿಂಗಳು ಸುಮಾರು 10,380 ರೂ. ಕಂತು ಬೀಳುತ್ತದೆ. ಒಂದು ಬೆಳಗಿನ ಸಿಟ್ಟಿಗೆ ಹಳೇ ಕಾರು ಮಾರಿ ಆ ಕಂತಿಗೆ ಕೊರಳೊಡ್ಡುವುದನ್ನು ನಾನು ಒಪ್ಪುವುದಿಲ್ಲ.

ಹಾಗೆಂದು ಹಳೇ ಕಾರನ್ನು ಎಂದೆಂದಿಗೂ ಸಾಕಬೇಕೆಂದೂ ಅಲ್ಲ. 2023ರಲ್ಲಿ 15 ವರ್ಷ ತುಂಬಿದಾಗ ಎಫ್‌ಸಿ ಮಾಡಿಸಿ ಆರ್‌ಸಿ ನವೀಕರಿಸಲು 5,000 ರೂ. ಶುಲ್ಕ ಕಟ್ಟಿದ್ದೆವು, 2022ರ ಏಪ್ರಿಲ್‌ಗೆ ಮೊದಲು ಅದು ಬರೀ 600 ಇತ್ತು. 20 ವರ್ಷ ದಾಟಿದ ಕಾರಿಗೆ 2025ರಲ್ಲಿ 10,000 ಮಾಡಿದ್ದಾರೆ, ಹಸಿರು ತೆರಿಗೆ ಬೇರೆ. ನಮ್ಮ ಸರದಿ 2028ರಲ್ಲಿ. ಆ ಶುಲ್ಕ ಕಟ್ಟುವ ಮೊದಲು ಕಾರನ್ನು ಲಿಫ್ಟಿಗೆ ಏರಿಸಿ ಕಾಲಿಡುವ ಜಾಗದ ತಗಡು, ಜ್ಯಾಕ್ ಕೊಡುವ ಅಂಚು, ಸಸ್ಪೆನ್ಷನ್ ಕೂರುವ ಮೂಲೆಗಳನ್ನು ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿಸುತ್ತೇನೆ. ವೈರು, ಸೆಲ್ಫ್, ಪಂಪು ಬದಲಾಯಿಸಿದರೆ ಕಾರು ಮೊದಲಿನಂತಾಗುತ್ತದೆ. ತುಕ್ಕು ಹಿಡಿದ ಬಾಡಿಗೆ ವರ್ಷವರ್ಷವೂ ವೆಲ್ಡಿಂಗ್ ಮಾಡಿಸುತ್ತಲೇ ಇರಬೇಕು, ಆ ಖರ್ಚಿಗೆ ಕೊನೆಯಿಲ್ಲ, ಅಪಘಾತವಾದರೆ ಆ ತಗಡು ಒಳಗಿದ್ದವರನ್ನು ಕಾಯುವುದೂ ಇಲ್ಲ. ಸ್ಕ್ರೂಡ್ರೈವರ್ ತೂರಿಕೊಂಡರೆ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಕಾರನ್ನು ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಟ್ಟು, ಆರ್‌ಸಿ ರದ್ದಾದ ಪತ್ರ ಪಡೆದುಕೊಳ್ಳುತ್ತೇನೆ.