ಸಾಬೂನಿನ ಎರಡು ತುದಿಗಳು

ನಾಲವಾರದ ಸುತ್ತಿನದು ಸುಣ್ಣದಕಲ್ಲಿನ ಸೀಮೆ. ಇಂಥ ನೆಲದ ಗಡಸು ನೀರಿನಲ್ಲಿ ಸಾಬೂನು ಸುಲಭವಾಗಿ ನೊರೆಗೊಡದು. ನೀರಿನಲ್ಲಿರುವ ಕ್ಯಾಲ್ಸಿಯಂ ಎಂಬ ಲೋಹದ ಅಯಾನುಗಳೊಡನೆ ಕೂಡಿ ಬಿಳಿಯ ಜಿಡ್ಡಾಗುತ್ತದೆ. ಸಾಬೂನಿನ ಅಣುವಿನ ಒಂದು ತುದಿ ಲೋಹವನ್ನು ಹಿಡಿಯುತ್ತದೆ. ಇನ್ನೊಂದು ಎಣ್ಣೆಯನ್ನು ಬಯಸುತ್ತದೆ. ಇಂಥ ವಸ್ತುಗಳನ್ನು ಮೇಲ್ಮೈಕಾರಕಗಳೆನ್ನುವರು.

ಕಬ್ಬಿಣದ ಹುಡಿ ತೇವದ ಗಾಳಿಗೆ ತುಕ್ಕು ಹಿಡಿಯುತ್ತದೆ. ಅತಿ ನುಣ್ಣಗಿದ್ದರೆ ತಾನಾಗಿಯೇ ಹೊತ್ತಿಕೊಳ್ಳಲೂಬಹುದು. ಪಾಲಿಮರಿನ ಹೊದಿಕೆ ಅದನ್ನು ಕಾಪಾಡಬಲ್ಲದು. ಆದರೆ ಲೋಹಕ್ಕೂ ಪಾಲಿಮರಿಗೂ ಸಹಜವಾದ ನಂಟಿಲ್ಲ. ಆದುದರಿಂದ ಮೊದಲು ಒಲೀಯಿಕ್ ಆಮ್ಲದಂಥ ಮೇಲ್ಮೈಕಾರಕವನ್ನು ಬೆರೆಸುತ್ತಾರೆ. ಅದರ ಒಂದು ತುದಿ ಕಣಕ್ಕೆ ಅಂಟಿಕೊಳ್ಳುತ್ತದೆ. ಹೊರಚಾಚಿದ ತುದಿಗಳ ನಡುವೆ ಸ್ಟೈರೀನಿನ ಸಣ್ಣ ಅಣುಗಳು ನೆಲೆಗೊಂಡು, ಸರಪಳಿಯಂತೆ ಬೆಸೆದು, ಪಾಲಿಮರಿನ ಕವಚವಾಗುತ್ತವೆ.

ಒಗೆಯುವ ಕಲ್ಲಿನ ಮೇಲೆ ನಮ್ಮನ್ನು ಕಾಡಿದ ಗುಣವೇ ಪ್ರಯೋಗಶಾಲೆಯಲ್ಲಿ ಲೋಹಕ್ಕೆ ಅಂಗಿ ತೊಡಿಸುತ್ತದೆ.