ದುಡಿಮೆಯ ದಿನಗಳೂ ವಿಶ್ರಾಂತಿಯ ಲೆಕ್ಕವೂ

ಕುರುಡುಮಲೆಯ ಸುತ್ತಣ ಹಳ್ಳಿಗಳಿಂದಲೂ ಯೌವನಸ್ಥರು ನರಸಾಪುರ, ವೇಮಗಲ್, ಮಾಲೂರುಗಳ ಕಾರ್ಖಾನೆಗಳಿಗೆ ದುಡಿಯಲು ಹೋಗುತ್ತಾರೆ. ವಾರಕ್ಕೆ ನಾಲ್ಕೇ ದಿನ ಕೆಲಸವಾದರೆ ಲೇಸೆಂಬ ಮಾತು ಅವರಿಂದ ಮನೆಗಳಿಗೂ ಬಂದಿದೆ. ಇದರ ಗುಣದೋಷಗಳನ್ನು ನಾವು ಈ ಪಾಠದಲ್ಲಿ ವಿಚಾರಿಸುವಾ.

1. ಲಾಭ. ದಣಿದ ಕೈಯಿಂದ ಕೆಲಸವೂ ಕೆಡುವದು, ಮೈಗೂ ಅಪಾಯವಾಗುವದು. ಐಸ್‌ಲೆಂಡ್ ದೇಶದಲ್ಲಿ 2015ರಿಂದ 2019ರ ವರೆಗೆ ಸುಮಾರು 2,500 ಮಂದಿಯ ವಾರದ ದುಡಿಮೆಯನ್ನು 40 ಘಂಟೆಯಿಂದ 35 ಅಥವಾ 36ಕ್ಕೆ ಇಳಿಸಿ, ಸಂಬಳವನ್ನು ಇಳಿಸದೆ ಪರೀಕ್ಷಿಸಿದರು. ಬಹುತೇಕ ಕಡೆಗಳಲ್ಲಿ ಕೆಲಸ ಕುಂದಲಿಲ್ಲ. ಜನರಿಗೆ ಮನೆಯವರೊಡನೆ ಇರಲು ಹೊತ್ತು ದೊರಕಿತು.

2. ಹಾನಿ. ದಿನಗೂಲಿಯವನಿಗೆ ಎರಡು ದಿನ ಬಿಡುವೆಂದರೆ ಎರಡು ದಿನದ ಕೂಲಿ ಇಲ್ಲವೆಂದೇ ಅರ್ಥ. ಹಸುವನ್ನು ದಿನಕ್ಕೆ ಎರಡು ಸಾರಿ ಕರೆಯಲೇಬೇಕು. ರೇಷ್ಮೆ ಹುಳು ನಾಲ್ಕನೇ ಜ್ವರದಿಂದ ಎದ್ದ ಮೇಲೆ ಸೊಪ್ಪಿಗಾಗಿ ಹಬ್ಬವನ್ನೂ ಕಾಯದು. ಆದಕಾರಣ ಒಂದೇ ನಿಯಮ ಎಲ್ಲರಿಗೂ ಒದಗುವದಿಲ್ಲ.

3. ಎಚ್ಚರಿಕೆ. ದಿನಗಳು ಕಡಿಮೆಯಾದ ಮಾತ್ರಕ್ಕೆ ದುಡಿಮೆ ಕಡಿಮೆಯಾಗದು. 1948ರ ಕಾರ್ಖಾನೆ ಕಾಯಿದೆಯು ದಿನಕ್ಕೆ 9, ವಾರಕ್ಕೆ 48 ಘಂಟೆಯ ಮಿತಿಯನ್ನಿಟ್ಟಿತು. 2023ರಲ್ಲಿ ಕರ್ನಾಟಕವು ಅದನ್ನು ತಿದ್ದಿ, ಕೆಲಸಗಾರನು ಲಿಖಿತವಾಗಿ ಒಪ್ಪಿದರೆ ದಿನಕ್ಕೆ 12 ಘಂಟೆಯ ವರೆಗೂ ಎಡೆಮಾಡಿತು. ವಾರದ 48 ಹಾಗೆಯೇ ಉಳಿಯಿತು. 2025ರ ನವೆಂಬರ್ 21ರಿಂದ ಹಳೆಯ ಕಾಯಿದೆಯ ಸ್ಥಳಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ.

ಈಗ ಲೆಕ್ಕ ಮಾಡಿರಿ. ಎಂಟು ಘಂಟೆಯಂತೆ ಆರು ದಿನವೂ 48, ಹನ್ನೆರಡರಂತೆ ನಾಲ್ಕು ದಿನವೂ 48. ಹೋಗಿಬರಲು ದಿನಕ್ಕೆ 2 ಘಂಟೆ ಹಿಡಿದರೆ ದಾರಿಯಲ್ಲಿ ವಾರಕ್ಕೆ 4 ಘಂಟೆ ಉಳಿಯುವದು ನಿಜ. ಆದರೆ ಆ ನಾಲ್ಕು ದಿನಗಳಲ್ಲಿ ತಾಯಿಯಾದವಳು 14 ಘಂಟೆ ಮನೆಯ ಹೊರಗಿರುವಳು. ಕೂಸು ಎಚ್ಚರವಾಗಿರುವದನ್ನು ಆಕೆ ಕಾಣುವದು ಯಾವಾಗ?

ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ನಡೆದ ಗಲಭೆಯನ್ನು ನಾವು ಮರೆತಿಲ್ಲ. 8 ಘಂಟೆಯ ಪಾಳಿ 12 ಆಗಿತ್ತು. ಸಂಬಳ ಸರಿಯಾಗಿ ಬರಲಿಲ್ಲವೆಂಬ ದೂರಿತ್ತು. ಒಡೆದು ಹಾಳುಮಾಡಿದ್ದು ತಪ್ಪೇ ಸರಿ. ಆದರೆ ದುಡಿದ ಹೊತ್ತಿಗೆ ತಕ್ಕ ಕೂಲಿಯನ್ನು ತಡೆಯುವದೂ ತಪ್ಪೇ.

4. ನಮ್ಮ ಮನೆಗೆ ಪಾಠ. ಧರ್ಮೋಪದೇಶಕಾಂಡದ 5ನೇ ಅಧ್ಯಾಯದ ಆಜ್ಞೆಯು ಯಜಮಾನನಿಗೆ ಮಾತ್ರವಲ್ಲ, ದಾಸದಾಸಿಯರಿಗೂ ಎತ್ತು ಕತ್ತೆಗಳಿಗೂ ವಿಶ್ರಾಂತಿಯನ್ನು ಗೊತ್ತುಮಾಡುತ್ತದೆ. ಹಾಗಾದರೆ ಮಗನು ರಜೆಯ ದಿನ ಮಲಗಿ, ಸೊಸೆಯು ಕೊಟ್ಟಿಗೆ, ಒಲೆ, ನೀರು ಎಂದು ತಿರುಗುತ್ತಿದ್ದರೆ ಆ ಮನೆಯಲ್ಲಿ ವಿಶ್ರಾಂತಿ ಇನ್ನೂ ಹುಟ್ಟಲಿಲ್ಲ. ಕರೆಯುವ ಕೆಲಸವನ್ನು ಸರದಿಯಂತೆ ಹಂಚಿಕೊಂಡರೆ ಹಸುವೂ ಕೆಡದು, ಒಬ್ಬರಿಗಾದರೂ ಬಿಡುವಾಗುವದು.

ಘಂಟೆ ನಿಜವಾಗಿ ಇಳಿಯಬೇಕು, ಕೂಲಿ ಇಳಿಯಬಾರದು, ಬಿಡುವು ಮನೆಯವರೆಲ್ಲರಿಗೂ ಸಲ್ಲಬೇಕು. ಈ ಮೂರೂ ಕೂಡಿದರೆ ಚಿಕ್ಕ ವಾರವು ಒಳ್ಳೆಯದೆಂದು ನಾವು ಹೇಳುತ್ತೇವೆ.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು:
1. ಒಪ್ಪಿಗೆಯ ಕಾಗದಕ್ಕೆ ರುಜು ಹಾಕುವ ಮುಂಚೆ ಏನನ್ನು ಓದಿ ತಿಳಿಯಬೇಕು?
2. ನಮ್ಮ ಹೊಲದ ಕೂಲಿಯವರಿಗೆ ನಾವು ಬಿಡುವು ಕೊಡುತ್ತೇವೋ?
3. ನಮ್ಮ ಮನೆಯಲ್ಲಿ ಎಲ್ಲರಿಗಿಂತ ಕಡೆಗೆ ಮಲಗುವವರು ಯಾರು?